ಆರಿದ ರೊಟ್ಟಿ ಮತ್ತು ನನ್ನ ನಾಲ್ಕು ಮಾತು

ವಯಸ್ಸಾದಂತೆ ಮನುಷ್ಯನ ಹಲ್ಲು ಸಡಿಲವಾಗುತ್ತವೆ, ಮೊಣಕಾಲು ಸಡಿಲವಾಗುತ್ತವೆ, ಆದರೆ ಎಲ್ಲಕ್ಕಿಂತ ಮೊದಲು ಸಡಿಲವಾಗುವುದು ನಾಲಿಗೆ. ನನ್ನದು ಹುಟ್ಟಿನಿಂದಲೇ ಸಡಿಲ ಎಂದು ನನ್ನ ಹೆಂಡತಿಯ ಅಭಿಪ್ರಾಯ. ಆಕೆ ಅದನ್ನು ಹೇಳಲು ಬಾಯಿ ತೆರೆದಾಗಲೆಲ್ಲ ನಾನೇ ಮಾತಾಡುತ್ತಿದ್ದುದರಿಂದ ಈ ಅಭಿಪ್ರಾಯ ನನ್ನ ಕಿವಿಗೆ ಬಿದ್ದದ್ದು ಈಚೆಗೆ. ನನ್ನ ತಪ್ಪೊಪ್ಪಿಗೆ ಇಷ್ಟೇ. ಉಳಿದದ್ದೆಲ್ಲ ವಿವರ, ಮತ್ತು ವಿವರವೇ ನನ್ನ ರೋಗ.

ಸಿಂದಗಿಯ ಒಂದು ಕಾಲೇಜು ಹಾಸ್ಟೆಲಿನ ಮೇಲ್ವಿಚಾರಕ ನಾನು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹುಡುಗರು ಇಲ್ಲಿದ್ದು ಓದುತ್ತಾರೆ, ನನ್ನನ್ನು ಕಾಕಾ ಎನ್ನುತ್ತಾರೆ. ನನ್ನ ಓದು ಹೈಸ್ಕೂಲಿಗೇ ಮುಗಿದದ್ದು. ಅಂಥವನ ಕೈಗೆ ಕಾಲೇಜು ಹುಡುಗರು ಸಿಕ್ಕರೆ ಬಿಡುತ್ತಾನೆಯೇ? ರಾತ್ರಿ ಊಟಕ್ಕೆ ಎಲ್ಲರೂ ಸಾಲಾಗಿ ಕೂತು, ತಾಟಿಗೆ ಬಿಸಿರೊಟ್ಟಿ ಬಿದ್ದು, ಪ್ರಾರ್ಥನೆ ಮುಗಿದ ಕೂಡಲೇ ನಾನು ಎದ್ದು ನಿಂತು ನಾಲ್ಕು ಮಾತು ಆಡುತ್ತಿದ್ದೆ. ಶಿಸ್ತಿನಿಂದ ಹೊರಟ ಮಾತು ನಳದ ನೀರಿಗೆ ಬಂದು, ಅಲ್ಲಿಂದ ನಮ್ಮ ಕಾಲದ ಮಾಸ್ತರರ ಬೆತ್ತಕ್ಕೆ ಹಾಯ್ದು, ನಾನು ಒಮ್ಮೆ ಬಸ್ಸು ತಪ್ಪಿಸಿಕೊಂಡು ಹೂವಿನ ಹಿಪ್ಪರಗಿಯಲ್ಲಿ ಕೂತಿದ್ದ ಕಥೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ನಾನು ಮುಗಿಸುವವರೆಗೆ ಯಾರೂ ತಾಟಿಗೆ ಕೈ ಹಾಕುವಂತಿರಲಿಲ್ಲ. ಅದು ಹಾಸ್ಟೆಲಿನ ಪದ್ಧತಿ. ಪದ್ಧತಿ ಹಾಕಿದವನೂ ನಾನೇ.

ಈ ವರ್ಷ ಹುಡುಗರು ತಮ್ಮ ಮುಂದಾಳನ್ನು ಆರಿಸಬೇಕಾಗಿತ್ತು. ಮುದ್ದೇಬಿಹಾಳ ಕಡೆಯ ಸಂಗಮೇಶ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆದವನು, ನನ್ನ ಮನಸ್ಸು ಅವನ ಮೇಲಿತ್ತು. ಹುಡುಗರು ಆರಿಸಿದ್ದು ಅಗರಖೇಡದ ಶರಣಪ್ಪನನ್ನು. ಕೇಳಿದ್ದಕ್ಕೆ ಹೂಂ ಎನ್ನುವುದೇ ಅವನ ದೊಡ್ಡ ಭಾಷಣ.

"ಮಾತೇ ಆಡದಂವ ಮುಂದಾಳು ಹೆಂಗ ಆಗ್ತಾನೋ?" ಎಂದು ನಾನು ಸಂಗಮೇಶನನ್ನೇ ಕೇಳಿದೆ.

"ಮಾತಾಡಾಕ ನೀವ ಇದ್ದೀರಲ್ರಿ ಕಾಕಾ" ಎಂದ ಅವನು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡೆ.

ಅಷ್ಟರಲ್ಲಿ ರೊಟ್ಟಿಯ ತಕರಾರು ಎದ್ದಿತು. ರೊಟ್ಟಿ ಚರ್ಮದ ಹಾಗೆ ಇರುತ್ತದೆ, ಹರಿಯಲು ಇಬ್ಬರು ಬೇಕು ಎಂದು ಹುಡುಗರ ದೂರು. ನನಗೆ ಆಶ್ಚರ್ಯ. ಹುಡುಗರ ಊಟವಾದ ಮೇಲೆ ನಾನು ಅಡುಗೆಮನೆಯಲ್ಲಿ ಉಣ್ಣುತ್ತಿದ್ದೆ, ನನ್ನ ರೊಟ್ಟಿ ಮೆತ್ತಗೆ, ಹಬೆಯಾಡುತ್ತಿತ್ತು. ಆದರೂ ಜೋಳ ಬದಲಿಸಿದೆ. ಇಂಡಿಯ ಜೋಳ ತರಿಸಿದರೆ ಬಾಗೇವಾಡಿಯವರು ನಕ್ಕರು, ಬಾಗೇವಾಡಿಯದು ತರಿಸಿದರೆ ಮುದ್ದೇಬಿಹಾಳದವರು ಮುಖ ತಿರುಗಿಸಿದರು. ಕೊನೆಗೆ ಅಡುಗೆಯ ಗಂಗವ್ವನಿಗೆ, ಹಿಟ್ಟು ಚೆನ್ನಾಗಿ ನಾದು ಎಂದೆ. ಮೂವತ್ತು ವರ್ಷ ರೊಟ್ಟಿ ಬಡಿದ ಕೈ ಅದು.

"ಇನ್ನೊಂದು ಮಾತು ನನ್ನ ರೊಟ್ಟಿಗೆ ಅಂದ್ರ ದೇವರ ಹಿಪ್ಪರಗಿಗೆ ಮಗಳ ಮನಿಗೆ ಹೋಗಿಬಿಡ್ತೇನಿ ಅಣ್ಣಾರ. ಆಮ್ಯಾಲ ನೀವ ಬಡೀರಿ" ಎಂದಳು.

ಗಂಗವ್ವ ಹೋದರೆ ಹಾಸ್ಟೆಲಿನ ಒಲೆ ಆರಿದಂತೆ. ಹುಡುಗರಾಗಲೇ ಸೋಮವಾರದಿಂದ ಖಾನಾವಳಿಯಲ್ಲಿ ಉಣ್ಣುವ ಮಾತಾಡುತ್ತಿದ್ದರು. ನಾನು ಶರಣಪ್ಪನನ್ನು ಕರೆದು, "ಮುಂದಾಳಾಗೀದಿ, ಏನರೆ ಮಾಡಪಾ" ಎಂದೆ. "ಹೂಂರಿ" ಎಂದು ಹೋದ.

ಅವನು ಮಾಡಿದ್ದೇನು? ಸಭೆ ಕರೆಯಲಿಲ್ಲ. ಒಂದೊಂದು ಕೋಣೆಗೆ ಹೋಗಿ ಕೂತ, ಅವರು ಬೈದಷ್ಟನ್ನೂ ಕೇಳಿದ. ಅಡುಗೆಮನೆಯ ಬಾಗಿಲಲ್ಲಿ ಕೂತು ಗಂಗವ್ವ ಅತ್ತಷ್ಟನ್ನೂ ಕೇಳಿದ. ಆಮೇಲೆ ಒಂದು ಸಂಜೆ ಬೇವಿನ ಗಿಡದ ಕೆಳಗಿನ ಕಟ್ಟೆಗೆ, ನನ್ನ ಪಕ್ಕಕ್ಕೇ ಬಂದು ಕೂತ.

"ಕಾಕಾ, ಅವತ್ತ ಹೂವಿನ ಹಿಪ್ಪರಗ್ಯಾಗ ಬಸ್ಸು ತಪ್ಪಿದ ಮ್ಯಾಲ ಏನಾತ್ರಿ?"

ಇಂಥ ಪ್ರಶ್ನೆಯನ್ನು ನನಗೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಊಟದ ಗಂಟೆ ಹೊಡೆಯುವವರೆಗೆ ಹೇಳಿದೆ. ಮರುದಿನವೂ ಬಂದ, ಅದರ ಮರುದಿನವೂ. ಮೊಣಕಾಲ ಮೇಲೆ ಕೈಯಿಟ್ಟು, ಸ್ವಲ್ಪ ಬಾಗಿ, ಕಣ್ಣು ನನ್ನ ಮೇಲಿಟ್ಟು ಕೇಳುತ್ತಿದ್ದ. ಊಟದ ಹೊತ್ತಿಗೆ ನಾನು ತೊಳೆದಿಟ್ಟ ಕೊಡದಂತೆ ಖಾಲಿ. ಎದ್ದು ನಿಂತರೆ ಹೇಳಲು ಏನೂ ಉಳಿದಿರುತ್ತಿರಲಿಲ್ಲ. "ಉಣ್ರಪಾ" ಎಂದು ಕೂತುಬಿಡುತ್ತಿದ್ದೆ. ಸೋಮವಾರ ಬಂತು, ಯಾರೂ ಖಾನಾವಳಿಗೆ ಹೋಗಲಿಲ್ಲ. ಗಂಗವ್ವ ಹಾಡುತ್ತ ರೊಟ್ಟಿ ಬಡಿದಳು. ಕಡೆಗೂ ಒಳ್ಳೆಯ ಜೋಳ ತರಿಸಿದೆನಲ್ಲ ಎಂದು ನಾನು ಬೀಗಿದೆ.

ಆಮೇಲೊಮ್ಮೆ ಶರಣಪ್ಪ ಊರಿಗೆ ಹೋದ. ಸಂಜೆ ಕಟ್ಟೆಯ ಮೇಲೆ ಒಬ್ಬನೇ ಕೂತೆ. ಊಟಕ್ಕೆ ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆನೋ ಇಲ್ಲವೋ, ಒಳಗಿನಿಂದ ಗಂಗವ್ವನ ದನಿ ಬಂತು: "ಮುಗೀತವ್ವಾ. ಶರಣಪ್ಪ ಊರಾಗಿಲ್ಲ, ಇವತ್ತ ರೊಟ್ಟಿ ಆರಿದ್ವು."

ಸಾಲಿಗೆ ಸಾಲೇ ನಕ್ಕಿತು. ಸಂಗಮೇಶ ನೀರು ನೆತ್ತಿಗೇರಿಸಿಕೊಂಡ. ನಾನು ಜೋಳದ ಊರುಗಳನ್ನೆಲ್ಲ ಒಂದೊಂದಾಗಿ ನೆನೆದೆ. ತಪ್ಪು ಯಾವ ಹೊಲದಲ್ಲೂ ಬೆಳೆದಿರಲಿಲ್ಲ, ನನ್ನ ಬಾಯಲ್ಲಿ ಬೆಳೆದಿತ್ತು. ನನಗೂ ನಗು ಬಂತು. ಅಲ್ಲೇ ಹುಡುಗರ ನಡುವೆ ಕೂತು, ಒಂದು ತಾಟು ಎಳೆದುಕೊಂಡು, ಹಬೆಯಾಡುವ ರೊಟ್ಟಿ ಮುರಿದೆ.

ಶರಣಪ್ಪ ಮರಳಿದ ಕೂಡಲೇ ಹಿಡಿದು ಕೇಳಿದೆ: "ಖರೇ ಹೇಳು, ಅಷ್ಟೂ ದಿನ ನನ್ನ ಮಾತು ಹೆಂಗ ತಾಳಿಕೊಂಡ್ಯೋ?"

"ಅರ್ಧ ಛಲೋ ಇರ್ತಿತ್ರಿ ಕಾಕಾ."

"ಇನ್ನರ್ಧ?"

"ಅದನ್ನೂ ಕೇಳೇನ್ರಿ."

ನನ್ನ ಕಣ್ಣು ತುಂಬಿತು. ಅವನನ್ನು ಕಟ್ಟೆಯ ಮೇಲೆ ಕೂಡಿಸಿ, "ಇವತ್ತಿಂದ ನೀ ಹೇಳು ತಮ್ಮಾ, ನಾ ಕೇಳ್ತೇನಿ" ಎಂದು, ಮೊಣಕಾಲ ಮೇಲೆ ಕೈಯಿಟ್ಟು ಅವನ ಹಾಗೆಯೇ ಬಾಗಿದೆ. ಅವನು "ನಮ್ಮ ಅಗರಖೇಡದಾಗರಿ..." ಎಂದು ಶುರುಮಾಡಿದ.

"ಅಗರಖೇಡ ಅಂದ್ಯಲ್ಲ," ಎಂದೆ ನಾನು, "ಅಲ್ಲಿ ಒಮ್ಮೆ ಏನಾಗಿತ್ತು ಅಂದ್ರ..."

ಗಂಗವ್ವ ಅಡುಗೆಮನೆಯಿಂದ ಇಣುಕಿ ನೋಡಿ, ನನ್ನ ಬಾಯಿ ನಡೆದಿದ್ದನ್ನು ಖಾತ್ರಿ ಮಾಡಿಕೊಂಡು, ನೆಮ್ಮದಿಯಿಂದ ಒಲೆಗೆ ಹಂಚು ಏರಿಸಿದಳು.