ದೇವರ ಮುಂದಿಟ್ಟ ವಾಪಸ್ ಟಿಕೀಟು

ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಮನಿ ಬಿಟ್ಟು ಹೊರಬಿದ್ದಳಂದ್ರ ಒಂದಿಲ್ಲೊಂದು ಆಗಾದ. ನಮ್ಮೂರ ಭೋಜದಿಂದ ಚಿಕ್ಕೋಡಿ ಸಂತಿಗೆ ಹೋದ್ರೂ ಕಂಡಕ್ಟರನ ಕೂಡ ವಾದ ಮಾಡೇ ಬಸ್ ಇಳೀತಾಳ. ಅಂಥಾಕಿ ವಿಮಾನ ಹತ್ತಿದಳು. ಜೊತಿಗೆ ನಾ ಇದ್ದೆ. ನಾಲ್ಕ ಮಂದಿ ಮುಂದ ಬಾಯಿ ತಗೀಲಿಕ್ಕೆ ನನಗ ನಾಚಿಕಿ, ಅದಕ್ಕ ಇಷ್ಟದಿನ ಹೇಳಿದ್ದಿಲ್ಲ.

೧. ನಿಪ್ಪಾಣಿ

ನಮ್ಮ ಸೋದರತ್ತಿ ಇರೂದು ಮಾರಿಷಸ್‌ನ್ಯಾಗ. ಮಾಮಾಗ ಅಲ್ಲಿ ಸಕ್ಕರಿ ಫ್ಯಾಕ್ಟರಿಯಾಗ ನೌಕರಿ. ಅತ್ತಿಗೆ ದಿನಾ ತುಂಬಿದ್ವು, ಬಾಣಂತನ ಮಾಡಾಕ ಆಯಿ ಹೋಗಬೇಕು. 'ಯಾವಾಗ್ಲೂ ಪುಸ್ತಕದಾಗ ಮುಖಾ ಹುದುಗಿಸಿರ್ತೈತಿ, ಇಂಗ್ಲಿಷರೆ ಓದತೈತಿ' ಅಂತ ನನ್ನೂ ಗಂಟ ಹಾಕಿದ್ರು.

ನಿಪ್ಪಾಣಿ ಟಿಕೀಟ್ ಏಜೆಂಟ ಅಂದ, "ಆಯಿ, ಅಲ್ಲಿಗೆ ವೀಸಾ ಬ್ಯಾಡ್ರಿ. ಆದ್ರ ವಾಪಸ್ ಬರೂ ಟಿಕೀಟ್ ತೋರಸಬೇಕು. ಇಲ್ಲಾಂದ್ರ ಅಲ್ಲೇ ಉಳೀತೀರಿ ಅಂತ ಅವರಿಗೆ ಸಂಶೆ."

ಆಯಿ ಕೆಂಡ ಆದಳು. "ಮಗಳನ್ನ ಕೊಟ್ಟ ಮನ್ಯಾಗ ನಾ ಉಳೀತೀನಿ? ನಮ್ಮದೇನ ಮನೆತನ ಅಲ್ಲೇನಪಾ?"

"ನಾ ಅನ್ನಾಂಗಿಲ್ರಿ ಆಯಿ, ಅಲ್ಲಿ ಸರಕಾರ ಅಂತೈತಿ."

"ಆ ಸರಕಾರಕ್ಕ ಹೆಣ್ಣಮಕ್ಕಳಿಲ್ಲೇನ?"

೨. ಮುಂಬೈ

ವಿಮಾನ ನಿಲ್ದಾಣದಾಗ ಕೌಂಟರಿನ ಹುಡಿಗಿ ಮರಾಠಿಯೊಳಗ ಕೇಳಿದಳು, "ಆಜಿ, ವಾಪಸ್ ಟಿಕೀಟ್?"

"ಮನ್ಯಾಗೈತಿ."

"ಮನ್ಯಾಗ ಯಾಕ?"

"ಮನಿಗೆ ಬರೂ ಟಿಕೀಟ್ ಮತ್ತೆಲ್ಲಿ ಇರಬೇಕವಾ? ಅರಿಷಿಣ ಕುಂಕುಮ ಹಚ್ಚಿ ಪದ್ಮಾವತಿ ಅಮ್ಮನ ಮುಂದ ಇಟ್ಟೀನಿ. ಆಕೀನ ಕರಕೊಂಡ ಬರ್ತಾಳ."

ಗಡಿಬಿಡಿಲೆ ನನ್ನ ಚೀಲಾ ತಗದ ನೋಡಿದ್ರ ನಂದೂ ಇಲ್ಲ! "ನಿಂದ ಅಷ್ಟ ಹೊರಗ ಬಿಡ್ತೀನೇನ? ಅದನ್ನೂ ಅಲ್ಲೇ ಇಟ್ಟೀನಿ" ಅಂದಳು ಆಯಿ.

ಅಲ್ಲಿ ಮಾಮಾನ ಬಿಟ್ರ ಅತ್ತಿಗೆ ಯಾರೂ ಇಲ್ಲ, ಇವತ್ತೋ ನಾಳೆಯೋ ಅನ್ನೂ ಹೊತ್ತು. ಇಲ್ಲಿ ನಮ್ಮನ್ನ ಹತ್ತಿಸ್ಕೊಳ್ಳಾಕ ಒಲ್ಲೆ ಅನ್ನಾಕತ್ತಾರ. ದೊಡ್ಡ ಸಾಹೇಬ ಬಂದ. ಕಂಪ್ಯೂಟರ್ ನೋಡಿ, "ವಾಪಸ್ ಬುಕಿಂಗ್ ಏನೋ ಕಾಣತೈತಿ. ಆದ್ರ ಕೈಯಾಗ ಟಿಕೀಟ್ ಇಲ್ಲದ ಹೋದ್ರ ಅವರು ನಿಮ್ಮನ್ನ ಮುಂದಿನ ವಿಮಾನಕ್ಕ ವಾಪಸ್ ಕಳಸ್ತಾರ" ಅಂತ ಅಂಜಿಸಿದ.

ಆಯಿ ಸೆರಗ ಸರಿ ಮಾಡ್ಕೊಂಡು ಅಂದಳು, "ಟಿಕೀಟ್ ಇಲ್ಲಾಂದ್ರೂ ವಾಪಸ್ ಕಳಸ್ತಾರ ಅಂತ ನೀವ ಹೇಳ್ತೀರಿ. ಮತ್ತ ನಾ ಅಲ್ಲೇ ಉಳೀತೀನಿ ಅಂತ ಅಂಜಾವ್ರ್ಯಾರು?"

ಸಾಹೇಬ ತಲಿ ಕೆರಕೊಂಡು, "ಬುಕಿಂಗ್ ಐತಲ್ಲ, ಬಿಡವಾ" ಅಂದ. ಆ ಹುಡಿಗಿ ನಗು ಮುಚ್ಚಕೋತ ಒಳಗ ಬಿಟ್ಟಳು.

೩. ಮಾರಿಷಸ್

ಅಲ್ಲೂ ಅದ ಪ್ರಶ್ನಿ. ಇಂಗ್ಲಿಷಿನ್ಯಾಗ. ನಾ ಹೆಂಗೋ ಅಂದೆ, "ಮನ್ಯಾಗೈತ್ರಿ ಸರ್, ದೇವರ ಮುಂದ."

"ನಿಮ್ಮ ದೇವರು ವಿಮಾನ ಬಿಡ್ತಾನೇನು?" ಅಂದ ಆಫೀಸರ. ಪಾಸ್‌ಪೋರ್ಟ್ ಅತ್ಲಾಗ ಸರಿಸಿದ. ಗಾಜಿನ ಆಚಿಕಡೆ ಮಾಮಾ ಕೈ ಬೀಸಾಕತ್ತಿದ್ದ, ಪಕ್ಕದಾಗ ಅತ್ತಿ ಸ್ವಾಂಟದ ಮ್ಯಾಲ ಕೈ ಇಟ್ಟು ನಿಂತಿದ್ದಳು. ಇಷ್ಟ ದೂರ ಬಂದು ಗಾಜಿನ್ಯಾಗ ನೋಡಿ ಹೊಳ್ಳಿ ಹೋಗೂದ? ನನಗ ಅಳುನ ಬಂತು. ಆಫೀಸರನ ಎದಿಮ್ಯಾಲಿನ ಹೆಸರು ನೋಡಿದೆ, ಮರಾಠಿ ಅಡ್ಡೆಸರು. ಆಯಿ ಕಿವ್ಯಾಗ ಹೇಳಿದೆ.

ಆಯಿ ಮರಾಠಿಯಾಗ ಶುರು ಮಾಡಿದಳು, "ಏನೋ ತಮ್ಮಾ, ನಿಮ್ಮ ಊರ ಯಾವದು?"

ಆಂವ ಬೆಚ್ಚಿಬಿದ್ದ. ತಡವರಿಸ್ಕೋತ ಮರಾಠಿಯಾಗ ಅಂದ, "ನಮ್ಮ ಮುತ್ತಜ್ಜ ಕೊಂಕಣದಾಂವ. ಕಬ್ಬ ಕಡ್ಯಾಕ ಇಲ್ಲಿಗೆ ಬಂದಿದ್ದ."

"ಹೌದಾ? ಬರೂ ಮುಂದ ಆಂವ ವಾಪಸ್ ಟಿಕೀಟ್ ತೋರಿಸಿದ್ನೇನ?"

ನಾ ಕಣ್ಣ ಮುಚ್ಚಿದೆ. ಇನ್ನ ಜೇಲ ಗ್ಯಾರಂಟಿ.

ಆಫೀಸರ ಹೊಟ್ಟಿ ಹಿಡಕೊಂಡ ನಗಾಕತ್ತ. "ಇಲ್ಲ ಆಜಿ. ಅದಕ್ಕ ನೋಡ್ರಿ, ನಾ ಇಲ್ಲಿ ಕುಂತೀನಿ!" ವಿಮಾನದವರಿಗೆ ಫೋನ್ ಹಚ್ಚಿ ನಮ್ಮ ಬುಕಿಂಗ್ ಕೇಳಿ ಖಾತ್ರಿ ಮಾಡ್ಕೊಂಡು, ಧಪ್ ಧಪ್ ಅಂತ ಶಿಕ್ಕಾ ಹೊಡದ.

ಅಷ್ಟಕ್ಕ ಸುಮ್ನ ಬರಬೇಕೋ ಬ್ಯಾಡೋ? ಆಯಿ ಹೊಳ್ಳಿ ನಿಂತು ಗಾಜಿನ ಆಚಿ ಅತ್ತಿ ಹೊಟ್ಟಿ ತೋರಿಸಿದಳು.

"ಅಕಾ ನೋಡು, ಅದರಾಗ ಇರಾಂವ ನಾಳೆ ನಿನ್ನ ಕುರ್ಚಿಮ್ಯಾಲ ಕುಂಡ್ರತಾನ. ಆಂವಗ ಯಾರ ಟಿಕೀಟ್ ಕೇಳ್ತಾರ, ನೋಡೂಣಂತ!"