ಸೂಜಿಮೊನೆಯ ಮೇಲೆ ಸಂಸಾರ

ಆ ಶುಕ್ರವಾರ ಲತೇಶ ಮಾಡಿದ ತಪ್ಪು ಒಂದೇ. ಬಂದ ಖುಷಿಯನ್ನು ಒಬ್ಬನೇ ನುಂಗಿಕೊಳ್ಳಲಾರದೆ ಬೋಜಣ್ಣನಿಗೆ ಫೋನು ಮಾಡಿದ.

ಖುಷಿಯೇನು ಸಣ್ಣದಲ್ಲ ಬಿಡಿ. ಮಸ್ಕತ್ತಿನ ಆ ಲ್ಯಾಬಿನಲ್ಲಿ ಎರಡು ವರ್ಷದಿಂದ ಅವನ ಕೆಲಸವೆಂದರೆ ಸಾಸಿವೆಕಾಳಿನಷ್ಟು ಹರಳನ್ನು ಹೀಲಿಯಂ ಚಳಿಯಲ್ಲಿಟ್ಟು, ಬೆಳ್ಳಿಯ ಸೂಜಿಮೊನೆಯನ್ನು ಅದಕ್ಕೆ ಮೆಲ್ಲಗೆ ತಾಗಿಸುವುದು. ಹರಳಿಗೂ ಇಲ್ಲದ, ಬೆಳ್ಳಿಗೂ ಇಲ್ಲದ ಒಂದು ಗುಣ ಅವೆರಡೂ ತಾಗಿದ ಜಾಗದಲ್ಲಿ ಮಾತ್ರ ಹುಟ್ಟುತ್ತದಂತೆ: ಕರೆಂಟು ತಡೆಯೇ ಇಲ್ಲದೆ ಹರಿಯುವುದು. "ತಡೆ ತೋರಿಸುವ ಈ ಗ್ರಾಫ್ ಒಮ್ಮೆ ಕೆಳಗೆ ಬೀಳಲಿ ಲತೇಶ, ನಿನಗೆ ಪ್ರಮೋಶನ್. ಫ್ಯಾಮಿಲಿ ವೀಸಾಕ್ಕೆ ನಾನೇ ಸಹಿ ಹಾಕಿಸ್ತೇನೆ" ಎಂದು ಕಾಸರಗೋಡಿನ ಪ್ರೊಫೆಸರ್ ನಂದನ್ ಮಾತು ಕೊಟ್ಟಿದ್ದರು. ಮದುವೆಯಾಗಿ ನಾಲ್ಕು ವರ್ಷ. ಊರಿನಲ್ಲಿರುವ ಹೆಂಡತಿ ಸುಪ್ರೀತಾಳ ಜೊತೆ ಕಳೆದದ್ದು ಒಟ್ಟು ತೊಂಬತ್ತು ದಿನ. ಅಲ್ ಅಜೈಬಾ ಬಡಾವಣೆಯ ರೂಮಿನಲ್ಲಿ ಗಂಜಿ ಉಣ್ಣುವಾಗ ಎದುರಿನ ಖಾಲಿ ಕುರ್ಚಿಗೆ "ಉಪ್ಪಿನಕಾಯಿ ಬೇಕಾ?" ಎಂದು ಕೇಳುವಲ್ಲಿಗೆ ಬಂದಿತ್ತು ಅವನ ಒಂಟಿತನ.

ಇವತ್ತು ಗ್ರಾಫ್ ಧಡಕ್ಕನೆ ಬಿತ್ತು! ರಜೆಯ ದಿನ, ಕಟ್ಟಡದಲ್ಲಿ ನರಪಿಳ್ಳೆಯಿಲ್ಲ. ಸುಪ್ರೀತಾ ಫೋನು ಎತ್ತಲಿಲ್ಲ. ನಂದನ್ ಸರ್ "ಒಂದು ಗಂಟೆಯಲ್ಲಿ ಬರ್ತೇನೆ, ಏನೂ ಮುಟ್ಬೇಡ" ಅಂದರು. ಅಷ್ಟು ಹೊತ್ತು ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಹೇಗೆ?

ಯೂನಿವರ್ಸಿಟಿ ಬಸ್ಸಿನ ಡ್ರೈವರ್ ಬೋಜಣ್ಣ ಹತ್ತೇ ನಿಮಿಷದಲ್ಲಿ ಹಾಜರು. ಒಬ್ಬನೇ ಬಂದರೆ ಅವನು ಬೋಜಣ್ಣನೇ ಅಲ್ಲ. ಹಿಂದೆ ಪಕ್ಕದ ಫ್ಲಾಟಿನ ಎಡ್ವರ್ಡ್, ಅವನ ಹೆಂಡತಿ ಐಡಾ. ಬೋಜಣ್ಣನ ಕೈಯಲ್ಲಿ ಹೂ, ಕುಂಕುಮ, ತೆಂಗಿನಕಾಯಿ.

"ಇವತ್ತು ಆಯುಧಪೂಜೆ ಮಾರಾಯ! ಬಸ್ಸಿಗೆ ಮಾಡಿ ಬಂದೆ. ನಿನ್ನ ಮಿಶನ್ ಎಂತ ಪಾಪ ಮಾಡಿದೆ?"

"ಬೋಜಣ್ಣಾ, ಬೇಡ! ಇಲ್ಲಿ ಜೋರು ಉಸಿರು ಬಿಡ್ಲಿಕ್ಕೂ ಹೆದರ್ಬೇಕು..."

"ದೇವರ ಕೆಲ್ಸಕ್ಕೆ ಎಂತ ಹೆದರಿಕೆ?" ಐಡಾ ಗದರಿದಳು. "ಹೊಸ ಕಾರಿಗೆ ನಾವು ಫಾದರ್ ಹತ್ರ ಬ್ಲೆಸ್ಸಿಂಗ್ ಮಾಡಿಸುದಿಲ್ವಾ?"

ಲತೇಶ ಅಡ್ಡ ಹೋಗುವಷ್ಟರಲ್ಲಿ ಠಪ್! ಕಾಯಿ ನೆಲಕ್ಕೆ ಬಡಿದು ಎರಡು ಹೋಳಾಯಿತು. ಗ್ರಾಫ್ ಹುಚ್ಚು ಹಿಡಿದಂತೆ ಕುಣಿದು ಮೇಲೆ ಹೋಗಿ ಕೂತಿತು.

"ಖಲಾಸ್" ಎಂದ ಎಡ್ವರ್ಡ್, ಕಾಯಿಚೂರು ಅಗಿಯುತ್ತ.

ಮೂವರನ್ನೂ ಹೊರಗೆ ದಬ್ಬಿ ಲತೇಶ ಸ್ವಲ್ಪ ಹೊತ್ತು ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಸೂಜಿಯನ್ನು ಮತ್ತೆ ಕೂದಲೆಳೆಯಷ್ಟೇ ಇಳಿಸಿದ. ಗ್ರಾಫ್ ಮತ್ತೆ ಬಿತ್ತು! ಅದೇ ಹೊತ್ತಿಗೆ ನಂದನ್ ಸರ್ ಒಳಗೆ ಬಂದರು. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸತ್ಯ ಹೇಳದಿದ್ದರೆ ಅವನಿಗೆ ಅನ್ನ ಜೀರ್ಣವಾಗುವುದಿಲ್ಲ. ಕಾಯಿ ಒಡೆದದ್ದನ್ನೂ ಬಾಯಿಬಿಟ್ಟ.

ಬೈಗುಳ ಬರಲಿಲ್ಲ. ಸರ್ ಕುಣಿದರು. "ನೆಲ ಅಲುಗಿದಾಗ ಹೋಯ್ತು, ಜನ ಹೋದ ಮೇಲೆ ಬಂತು! ಎರಡು ವರ್ಷ ಯಾಕೆ ಬರ್ಲಿಲ್ಲ ಅಂತ ಈಗ ಗೊತ್ತಾಯ್ತು. ವಾರವಿಡೀ ಇಲ್ಲಿ ಲಿಫ್ಟು, ಬಸ್ಸು, ಜನ!" ನಿಂತಲ್ಲಿಂದಲೇ ಮೇಲಿನವರಿಗೆ ಫೋನು ಹಚ್ಚಿ ಮಾತಾಡಿ, ಲತೇಶನ ಬೆನ್ನು ತಟ್ಟಿದರು. "ಪ್ರಮೋಶನ್ ಆಯ್ತು. ಫ್ಯಾಮಿಲಿ ವೀಸಾನೂ ಆಯ್ತು. ಯಲ್ಲಾ, ಹೊರಡು, ಗಂಟುಮೂಟೆ ಕಟ್ಟು. ಇಬ್ರಾ ಪೇಟೆಯಿಂದ ಆಚೆ, ಮರಳುಗಾಡಿನಲ್ಲಿ ನಮಗೊಂದು ಕಟ್ಟಡ ಉಂಟು. ಸುತ್ತ ಇಪ್ಪತ್ತು ಕಿಲೋಮೀಟರ್ ಯಾರೂ ಇಲ್ಲ. ಈ ಮಿಶನ್ ಇನ್ನು ಅಲ್ಲಿ. ಇರ್ಲಿಕ್ಕೆ ಒಂದು ಕೋಣೆ, ಒಂದು ಮಂಚ. ನಿನ್ನದಲ್ಲದೆ ಎರಡನೇ ಹೆಜ್ಜೆ ಅಲ್ಲಿ ಬೀಳ್ಬಾರ್ದು."

ಅಷ್ಟರಲ್ಲಿ ಸುಪ್ರೀತಾ ತಿರುಗಿ ಫೋನು ಮಾಡಿದಳು. "ಎಷ್ಟು ಸಲ ಮಾಡಿದ್ದೀರಿ! ಎಂತ ವಿಶೇಷ?"

"ಫ್ಯಾಮಿಲಿ ವೀಸಾ ಸಿಕ್ಕಿತು ಮಾರಾಯ್ತಿ" ಎಂದ ಲತೇಶ. "ಫ್ಯಾಮಿಲಿಗೆ ಮಾತ್ರ ಪ್ರವೇಶ ಇಲ್ಲ."