ಕಣ್ಣೆದುರಿಗಿದ್ದೂ 'ಪತ್ತೆಯಾಗದ' ನಮ್ಮ ಮಗುವಿನ ಬಗ್ಗೆ

ಆಸ್ಪತ್ರೆಯಲ್ಲಿ ಚಿಕಿತ್ಸೆಯ ಫಲಿತಾಂಶ ಎಣಿಸುವ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮ್ಮ ಹಾಗೂ ತಮ್ಮ ಕಂಪ್ಯೂಟರಿನ ಕ್ಷೇಮವನ್ನು ಹಾರೈಸುತ್ತಾ, ಬಟ್ಟೆ ರಿಪೇರಿ ಅಂಗಡಿಯ ದರ್ಜಿಯೊಬ್ಬಳು ಬಹಿರಂಗವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, 'ತಮ್ಮ ಮಗು ಈ ವಿಳಾಸದಲ್ಲಿ ಪತ್ತೆಯಾಗಿಲ್ಲ' ಎಂಬ ತಮ್ಮ ಪತ್ರ ಇದೇ ವಿಳಾಸಕ್ಕೆ ಸುರಕ್ಷಿತವಾಗಿ ತಲುಪಿತು. ಬಾಗಿಲಲ್ಲಿ ಸಹಿ ಹಾಕಿ ಪಡೆದುಕೊಂಡದ್ದು ಆ ಪತ್ತೆಯಾಗದ ಮಗುವೇ.

ಹದಿನಾರು ತುಂಬಿದವರನ್ನು ಮಗು ಎನ್ನುವುದು ಸರಿಯಲ್ಲ, ನಿಜ. ಆದರೆ ನಮ್ಮ ಭಾಷೆ ಅದೊಂದು ಶಬ್ದವನ್ನಾದರೂ ಹುಡುಗನ ಕಡೆಗೂ ಹುಡುಗಿಯ ಕಡೆಗೂ ಎಳೆಯದೆ ಬಿಟ್ಟಿದೆ; ನನ್ನ ಮಗುವಿಗೂ ಬೇಕಿದ್ದದ್ದು ಅಷ್ಟೇ. ಹನ್ನೆರಡನೇ ವಯಸ್ಸಿನಲ್ಲಿ ಮಗು 'ಅಮ್ಮಾ, ಈ ಮೈ ನನ್ನನ್ನ ಕೇಳದೆ ಎಲ್ಲಿಗೋ ಹೊರಟಿದೆ' ಎಂದು ಅತ್ತದ್ದು, ಸೆಕೆಯಲ್ಲೂ ಎರಡು ಸ್ವೆಟರ್ ತೊಟ್ಟದ್ದು, ದೀಪ ಆರಿಸಿ ಸ್ನಾನ ಮಾಡಿದ್ದು, ನಲವತ್ತು ದಿನ ಶಾಲೆಗೆ ಹೋಗದೆ ಗೋಡೆ ನೋಡುತ್ತ ಮಲಗಿದ್ದು ಇವೆಲ್ಲ ತಮ್ಮ ಕಡತದಲ್ಲಿ 'ಅಸಮಾಧಾನ: ಹತ್ತರಲ್ಲಿ ಎಂಟು' ಎಂಬ ಒಂದೇ ಸಾಲಾಗಿವೆ. ಸಾಸಿವೆಯಲ್ಲಿ ಸಾಗರ ಅಡಗಿಸುವ ಈ ಕೌಶಲಕ್ಕೆ ನನ್ನ ದೊಡ್ಡ ನಮಸ್ಕಾರ.

ಪ್ರಾಯದ ಬೆಳವಣಿಗೆಯನ್ನು ತಡೆಹಿಡಿಯುವ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆಯಂತೆ ಶುರುವಾಯಿತು. ಮಗು ಶಾಲೆಗೆ ಮರಳಿತು. ಎರಡು ಸ್ವೆಟರ್ ಒಂದಾಯಿತು. ಸಂತೋಷ ಹತ್ತರಲ್ಲಿ ಎಷ್ಟು ಎಂಬ ತಮ್ಮ ಪ್ರಶ್ನೆಗೆ 'ಸಂತೋಷ ಅಂತಲ್ಲ, ಒಳಗಿನ ಗಲಾಟೆ ನಿಂತಿದೆ' ಎಂದು ಬರೆದಾಗ, ಕೌಂಟರಿನಲ್ಲಿದ್ದವರು 'ಕಥೆ ಬೇಡ, ಅಂಕಿ ಹಾಕಿ' ಎಂದು ಹಾಳೆ ವಾಪಸ್ಸು ಕೊಟ್ಟರು. ಮಗು ಐದು ಹಾಕಿತು. ಕಡಿಮೆ ಹಾಕಿದರೆ ಮನಸ್ಸು ಸ್ಥಿರವಿಲ್ಲವೆಂದು ಮದ್ದು ಕೊಡುವುದಿಲ್ಲವೇನೋ ಎಂಬ ಭಯಕ್ಕೆ ಮೊದಲ ದಿನವೂ ಐದೇ ಹಾಕಿದ್ದರಿಂದ, 'ಬದಲಾವಣೆ ಇಲ್ಲ' ಎಂಬ ಸತ್ಯವನ್ನು ತಾವು ಕಂಡುಹಿಡಿದಿರಿ.

ಅದರ ತರಗತಿಯ ಮಕ್ಕಳು ವರ್ಷಕ್ಕೆರಡು ಸಲ ಪ್ಯಾಂಟಿನ ಅಂಚು ಬಿಚ್ಚಿಸಿ ಉದ್ದ ಮಾಡಿಸಲು ಅಂಗಡಿಗೆ ಬರುತ್ತಿದ್ದರು; ನನ್ನ ಮಗುವಿನದನ್ನು ಎರಡು ವರ್ಷದಲ್ಲಿ ಒಮ್ಮೆ ಮಾತ್ರ ಬಿಚ್ಚಿದೆ. ಆಮೇಲೆ ಸ್ಕ್ಯಾನಿನಲ್ಲಿ, ಮೂಳೆ ವಯಸ್ಸಿಗೆ ತಕ್ಕಷ್ಟು ಗಟ್ಟಿಯಾಗುತ್ತಿಲ್ಲ ಎಂದು ತಿಳಿಯಿತು. 'ಮುಂದೆ ಸರಿಹೋಗುತ್ತಾ?' ಎಂದು ಮಗು ಕೇಳಿದಾಗ ಡಾಕ್ಟರಮ್ಮ ಕನ್ನಡಕ ತೆಗೆದು, 'ನಿಜ ಹೇಳ್ಲಾ? ನಮಗೂ ಪೂರ್ತಿ ಗೊತ್ತಿಲ್ಲ' ಎಂದರು. ತಮ್ಮ ಸಂಸ್ಥೆಯಲ್ಲಿ ನಾನು ಕೇಳಿದ ಅತ್ಯಂತ ವೈಜ್ಞಾನಿಕ ವಾಕ್ಯ ಅದೊಂದೇ. ದಯಮಾಡಿ ಅವರ ಮೇಲೆ ಶಿಸ್ತುಕ್ರಮ ಬೇಡ.

ಮೂರು ವಾರ ಯೋಚಿಸಿ ಮಗು ಚುಚ್ಚುಮದ್ದು ನಿಲ್ಲಿಸಿತು. 'ನಂಗೆ ಮೂಳೆ ಬೇಕಮ್ಮಾ. ಹಾಗಂತ ನಾನು ಹೇಳಿದ್ದೆಲ್ಲ ಸುಳ್ಳು ಅಂದ್ಕೋಬೇಡ' ಎಂದಿತು. ಕತ್ತರಿ ಕೆಳಗಿಟ್ಟು ಅಪ್ಪಿಕೊಂಡೆ. ನೆಮ್ಮದಿಯಾಯಿತೋ ದಿಗಿಲಾಯಿತೋ ಇವತ್ತಿಗೂ ಹೇಳಲಾರೆ. ಅಂದಿನಿಂದ ತಮ್ಮ ಪಾಲಿಗೆ ಮಗು ಮಾಯ.

ತಮ್ಮ ವರದಿಯೂ ಕೈಸೇರಿತು. ಅರವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ 'ಪತ್ತೆಯಿಲ್ಲ'. ಉಳಿದವರಲ್ಲಿ 'ಗಮನಾರ್ಹ ವ್ಯತ್ಯಾಸವಿಲ್ಲ'. ಇದನ್ನೋದಿ ನನ್ನಣ್ಣ 'ನೋಡು, ಮದ್ದು ಇಲ್ದಿದ್ರೆ ಇನ್ನೂ ಹಾಳಾಗ್ತಿತ್ತು' ಎಂದೂ, ನಾದಿನಿ 'ನೋಡಿ ಅತ್ತಿಗೆ, ಪ್ರಯೋಜನ ಇಲ್ಲ ಅಂತ ಅವರೇ ಬರೆದಿದ್ದಾರೆ' ಎಂದೂ ಒಂದೇ ಹಾಳೆಯ ಎರಡು ತುದಿ ಹಿಡಿದು ಜಗ್ಗಿದರು. ಮಗು ಪಕ್ಕದಲ್ಲೇ ಕೂತಿತ್ತು. ಇಬ್ಬರೂ ಅದನ್ನು ಒಂದು ಮಾತು ಕೇಳಲಿಲ್ಲ. ತಮ್ಮ ಸಂಶೋಧನಾ ವಿಧಾನ ನಮ್ಮ ಮನೆಯವರೆಗೂ ಹಬ್ಬಿದ್ದಕ್ಕೆ ಅಭಿನಂದನೆಗಳು.

ಆದಕಾರಣ, ಆ ಹತ್ತೊಂಬತ್ತು ಮಂದಿಗೆ ತಲಾ ಒಂದು ಫೋನ್ ಮಾಡಬೇಕೆಂದು ಕೋರುತ್ತೇನೆ. ಅಷ್ಟು ಶ್ರಮ ತಮ್ಮಿಂದಾಗದಿದ್ದರೆ, ಮಗು ಈ ಭೂಮಿಯ ಮೇಲಿಲ್ಲವೆಂಬ ಅಧಿಕೃತ ಪ್ರಮಾಣಪತ್ರವನ್ನಾದರೂ ದಯಪಾಲಿಸಿ; ಗಣಿತ ಪರೀಕ್ಷೆಯ ದಿನ ಶಾಲೆಗೆ ತೋರಿಸಲು ಮಗುವೇ ಕೇಳುತ್ತಿದೆ.

ಎಲ್ಲೂ ಹೋಗದೆ ಹೊಲಿಗೆ ಯಂತ್ರದ ಮುಂದೆಯೇ ಕೂತಿರುವ
ತಮ್ಮ ವಿಶ್ವಾಸಿ,
ಮಗುವಿನ ತಾಯಿ

ಮರೆತ ಮಾತು: ನಾಲ್ಕು ವರ್ಷ ನೀರಿಗಿಳಿಯದಿದ್ದ ಮಗು ಇವತ್ತು ಬೆಳಿಗ್ಗೆ ನಾನು ಹೊಲಿದ ಉದ್ದ ತೋಳಿನ ಉಡುಪು ತೊಟ್ಟು ಈಜುಕೊಳಕ್ಕೆ ಹೋಗಿಬಂತು. ಇದು ಮದ್ದು ಕೊಟ್ಟಿದ್ದರ ಫಲವೋ, ನಿಲ್ಲಿಸಿದ್ದರ ಫಲವೋ, ಬರೀ ವಯಸ್ಸಿನದೋ, ನನಗೆ ತಿಳಿಯದು, ತಮಗೂ ತಿಳಿಯದು. ನಾನು ನೋಡಿದೆ ಎನ್ನುವುದಷ್ಟೇ ವ್ಯತ್ಯಾಸ. ಒದ್ದೆ ಟವೆಲ್ ತಂತಿಯ ಮೇಲಿದೆ. ಸಾಕ್ಷ್ಯ ಬೇಕಿದ್ದರೆ, ಒಣಗುವುದರೊಳಗೆ ಬನ್ನಿ.